2001ರಿಂದ 2010ರ ಸಿನಿಮಾಗಳು: ಹಳೇ ಸಿಡಿ ಅಂಗಡಿಯವನಿಗೆ ಪದೇ ಪದೇ ಬರುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ಮೊದಲು ಸಿಡಿ ಬಾಡಿಗೆಗೆ ಕೊಡುತ್ತಿದ್ದೆ. ಈಗ ಅದೇ ಅಂಗಡಿಯಲ್ಲಿ ಮೊಬೈಲ್ ಕವರ್, ಚಾರ್ಜರ್ ಮಾರುತ್ತೇನೆ. ಆದರೂ ಪಂಚಮಿಗೆ ತವರಿಗೆ ಬಂದವರು, ದೀಪಾವಳಿಗೆ ಪುಣೆ, ಬೆಂಗಳೂರಿನಿಂದ ಬಂದ ಹುಡುಗರು, ಆಗೀಗ ಬೆಳಗಾವಿ, ವಿಜಯಪುರದ ಹಳೇ ಗಿರಾಕಿಗಳು "ಆಗಿನ ಸಿನಿಮಾ ಒಂದ್ ಹೇಳ್ರಿ" ಅನ್ನುವುದು ಬಿಟ್ಟಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿಟ್ಟರೆ ನನ್ನ ಗಂಟಲಿಗೂ ವಿಶ್ರಾಂತಿ.

ಅಣ್ಣಾರ, ಹತ್ತು ವರ್ಷದ ಲೆಕ್ಕ ಯಾಕ? 2001ರಿಂದ 2010 ಅಂತ ಯಾಕ ಹಿಡದೀರಿ?

ಕೇಳುವವರ ವಯಸ್ಸು ಹಾಗಿದೆ. ಆಗ ಶಾಲೆ, ಕಾಲೇಜಿನಲ್ಲಿದ್ದವರಿಗೆ ಈಗ ಮಕ್ಕಳಿವೆ, ಇಎಂಐ ಇದೆ, ರವಿವಾರ ಮಧ್ಯಾಹ್ನ ಸ್ವಲ್ಪ ಪುರಸೊತ್ತು ಇದೆ. ಇನ್ನೊಂದು, ಸಿನಿಮಾ ನೋಡುವ ರೀತಿ ಇಷ್ಟು ಬೇಗ ಬೇಗ ಬದಲಾದ ಕಾಲ ಬೇರೆ ಇಲ್ಲ. ಟಾಕೀಸಿನ ಬೆಂಚಿನಿಂದ ವಿಸಿಡಿಗೆ, ವಿಸಿಡಿಯಿಂದ ಕೇಬಲ್ಲಿಗೆ, ಅಲ್ಲಿಂದ ಮೆಮೊರಿ ಕಾರ್ಡಿಗೆ ಎಲ್ಲ ಹತ್ತೇ ವರ್ಷದಲ್ಲಿ ಆಯಿತು. ಹಾಗಾಗಿ ಒಂದೇ ಸಿನಿಮಾ ಅಣ್ಣನಿಗೆ ಟಾಕೀಸಿನ ನೆನಪು, ತಮ್ಮನಿಗೆ ಕೇಬಲ್ಲಿನ ನೆನಪು.

ಉದ್ದ ಬ್ಯಾಡ. ಒಂದ ಒಂದು ಹೆಸರು ಹೇಳ್ರಿ.

ಹೇಳುವುದಿಲ್ಲ. ಮೊದಲು ನೀವು ಹೇಳಿ, ಪಡಸಾಲೆಯಲ್ಲಿ ಯಾರ್ಯಾರು ಕೂತಿರುತ್ತಾರೆ? ಅವ್ವ ಇದ್ದಾಳೋ, ಹೆಂಡತಿ ಮಾತ್ರ ಇದ್ದಾಳೋ, ಹಾಸ್ಟೆಲಿನ ಗೆಳೆಯರು ಬಂದಿದ್ದಾರೋ? ನೆನಪಿನ ಸಿನಿಮಾವನ್ನು ಸ್ಟಾರ್ ರೇಟಿಂಗ್ ನೋಡಿ ಆರಿಸಲು ಬರುವುದಿಲ್ಲ. ಜತೆಗೆ ಕೂತವರನ್ನು ನೋಡಿ ಆರಿಸಬೇಕು. ಅಂಗಡಿ ನಡೆಸುವಾಗಲೂ ಸಿಡಿ ಕೊಡುವ ಮೊದಲು ನಾನು ಕೇಳುತ್ತಿದ್ದದ್ದು ಇದನ್ನೇ. ಕೆಳಗಿನ ಉತ್ತರಗಳೆಲ್ಲ ಅದೇ ಲೆಕ್ಕದಲ್ಲಿವೆ.

ಮನ್ಯಾಗ ಅವ್ವ, ಅಕ್ಕ, ಸೋದರತ್ತಿ ಎಲ್ಲಾರೂ ಅದಾರ. ಯಾವ್ದು ಹಚ್ಚೂಣು?

ಪಂಚಮಿ ಹತ್ತಿರ ಇದ್ದರೆ ಕಣ್ಣು ಮುಚ್ಚಿ 'ತವರಿಗೆ ಬಾ ತಂಗಿ' (2002). ಶಿವರಾಜ್‌ಕುಮಾರ್ ಅಣ್ಣ, ರಾಧಿಕಾ ತಂಗಿ, ನಿರ್ದೇಶನ ಸಾಯಿಪ್ರಕಾಶ್. ಪೇಟೆಯ ವಿಮರ್ಶಕರು ಇದನ್ನು ಕಣ್ಣೀರಿನ ಕಾರ್ಖಾನೆ ಅಂತ ನಕ್ಕರೆ ನಗಲಿ. ಅಣ್ಣ ಕರಿಯಾಕ ಬರಲಿಲ್ಲ ಅಂತ ಹೆಣ್ಣುಮಕ್ಕಳು ಹಾಡು ಕಟ್ಟಿಕೊಂಡ ಸೀಮೆ ನಮ್ಮದು. ಇಲ್ಲಿ ಈ ಸಿನಿಮಾ ಓಡಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಪಂಚಮಿ ವಾರದಲ್ಲಿ ಇದರ ಸಿಡಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿತ್ತೇ ಹೊರತು ಅಂಗಡಿಗೆ ವಾಪಸ್ ಬರುತ್ತಿರಲಿಲ್ಲ. ನಟನೆ ಜೋರು, ಸಂಗೀತ ಜೋರು, ಅಳುವೂ ಜೋರು. ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದವರಿಗೆ ಆ ಜೋರು ಹೊಸದಲ್ಲ.

ಎರಡನೆಯದು 'ಜೋಗಿ' (2005). ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬರುವ ತಾಯಿಯ ಪಾತ್ರದಲ್ಲಿ ಅರುಂಧತಿ ನಾಗ್. ನಿರ್ದೇಶಕ ಪ್ರೇಮ್ ಚಿತ್ರದ ತುಂಬ ಲಾಂಗು ಮಚ್ಚು ಇಟ್ಟಿದ್ದಾರೆ, ಆದರೆ ಕತೆ ಇರುವುದು ಆ ತಾಯಿಯ ಹತ್ತಿರ. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದ ಮಗನ ಫೋನ್ ಬರುವುದನ್ನು ಕಾಯುತ್ತ ಕೂತ ಅವ್ವಂದಿರು ನಮ್ಮ ಹುನಗುಂದ, ಮುದ್ದೇಬಿಹಾಳದ ಕಡೆ ಎಷ್ಟಿಲ್ಲ! ಕೊನೆ ಹೇಗಿದೆ ಅಂತ ಮೊದಲೇ ಹೇಳುವುದಿಲ್ಲ. ಅದಾದ ಮೇಲೆ ಊಟಕ್ಕೆ ಎಬ್ಬಿಸುವುದು ಕಷ್ಟ, ಮೊದಲೇ ಉಂಡು ಕೂಡ್ರಿ.

ಮಕ್ಕಳೂ ಇರ್ತಾವ. ಅಂಜಬಾರ್ದು, ಆದ್ರ ಸ್ವಲ್ಪ ಅಂಜಬೇಕು. ಹಂಥಾದ್ದು?

'ಆಪ್ತಮಿತ್ರ' (2004). ದ್ವಾರಕೀಶ್ ನಿರ್ಮಾಣ, ಪಿ. ವಾಸು ನಿರ್ದೇಶನ. ವಿಷ್ಣುವರ್ಧನ್, ರಮೇಶ್ ಅರವಿಂದ್, ಸೌಂದರ್ಯ, ಪ್ರೇಮಾ, ಅವಿನಾಶ್. ನಾಗವಲ್ಲಿಯ ಕೋಣೆಯ ಬಾಗಿಲು ಬಂದಾಗ ಹುಡುಗರು ದಿಂಬಿನ ಹಿಂದೆ ಹೋಗುತ್ತಾರೆ, ಮರುಕ್ಷಣ ದ್ವಾರಕೀಶ್ ಬಂದು ನಗಿಸುತ್ತಾರೆ. ಈ ಅಳತೆ ಎಲ್ಲ ಸಿನಿಮಾಕ್ಕೂ ಸಿಗುವುದಿಲ್ಲ.

ದೊಡ್ಡವರಿಗೆ ಮಾತ್ರ ಇದು ಬೇರೆ ಕಾರಣಕ್ಕೆ ಭಾರವಾಗುತ್ತದೆ. 2004ರ ಏಪ್ರಿಲ್ 17ರಂದು ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡರು, ಸಿನಿಮಾ ತೆರೆಗೆ ಬಂದದ್ದು ಆಗಸ್ಟಿನಲ್ಲಿ. ಟಾಕೀಸಿನಲ್ಲಿ ಆ ಹೆಣ್ಣುಮಗಳು ಪರದೆಯ ಮೇಲೆ ಬಂದ ಕೂಡಲೇ ಒಂದಿಷ್ಟು ಹೊತ್ತು ಯಾರೂ ಶಿಳ್ಳೆ ಹೊಡೆಯುತ್ತಿರಲಿಲ್ಲ.

ಹಂಗಾರ ಸೌಂದರ್ಯ ಅವ್ರ ಒಳ್ಳೇ ಸಿನಿಮಾ ಆಪ್ತಮಿತ್ರನಾ?

ನನ್ನ ಪ್ರಕಾರ ಅಲ್ಲ. 'ದ್ವೀಪ' (2002). ನಾ. ಡಿಸೋಜ ಅವರ ಕಾದಂಬರಿ, ಗಿರೀಶ ಕಾಸರವಳ್ಳಿ ನಿರ್ದೇಶನ, ಸೌಂದರ್ಯ ಅವರೇ ನಿರ್ಮಾಪಕಿ. ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಇದಕ್ಕೆ ಬಂತು. ಅಂಗಡಿಯಲ್ಲಿ ಇದ್ದಾಗ ಇದರ ಸಿಡಿ ಕೇಳಿದವರು ಬೆರಳೆಣಿಕೆ. ಪ್ರಶಸ್ತಿ ಸಿನಿಮಾ ಅಂದರೆ ನಿಧಾನ, ನಿದ್ದೆ ಅನ್ನುವ ಭಾವನೆ. ಆದರೆ ಬಾಗಲಕೋಟೆಯವರಿಗೆ ಇದನ್ನು ನಾನು ಒತ್ತಿ ಒತ್ತಿ ಹೇಳುತ್ತೇನೆ. ಅದಕ್ಕೆ ಕಾರಣ ಬೇರೆಯೇ ಇದೆ, ಮುಂದಿನ ಪ್ರಶ್ನೆ ನೋಡಿ.

ಮುಳುಗಡಿ ಮಂದಿ ನಾವು. ನಮ್ಮ ಕತಿ ಇರೋ ಸಿನಿಮಾ ಐತೇನ್ರಿ?

ನಮ್ಮೂರಿನದೇ ಕತೆ ಹಿಡಿದು ಹೇಳುವ ಸಿನಿಮಾ ಅಂತ ಕೊಡಲು ನನ್ನ ಹತ್ತಿರ ಇಲ್ಲ. 'ದ್ವೀಪ' ಇದೆ. ಅದು ಮಲೆನಾಡಿನದು. ಅಣೆಕಟ್ಟಿನ ನೀರು ಏರುತ್ತದೆ, ಊರವರು ಪರಿಹಾರ ಇಸಿದುಕೊಂಡು ಹೊರಡುತ್ತಾರೆ, ಗುಡ್ಡದ ಮೇಲಿನ ಒಂದು ಕುಟುಂಬ ಮಾತ್ರ ಉಳಿಯುತ್ತದೆ. ಮುದುಕ ದುಗ್ಗಜ್ಜ ಜಾಗ ಬಿಟ್ಟು ಬರಲು ಒಪ್ಪುವುದಿಲ್ಲ. ಮಗ ಗಣಪನಿಗೆ ಹೋಗುವುದೋ ಇರುವುದೋ ತಿಳಿಯುವುದಿಲ್ಲ. ಸೊಸೆ ನಾಗಿ ಎಲ್ಲರಿಗಿಂತ ಗಟ್ಟಿ.

ಸಿನಿಮಾ ಪೂರ್ತಿ ಮಳೆ. ನಮ್ಮಲ್ಲಿ ಹಾಗಾಗಲಿಲ್ಲ. ಮಳೆ ಬಿದ್ದದ್ದು ಸಹ್ಯಾದ್ರಿಯಲ್ಲಿ, ನೀರು ನಿಂತದ್ದು ಆಲಮಟ್ಟಿಯಲ್ಲಿ, ಹಿನ್ನೀರು ಘಟಪ್ರಭೆಯಗುಂಟ ಹಿಂದಕ್ಕೆ ಬಂದು ಊರು ಹೊಕ್ಕದ್ದು ಬಿಸಿಲಿರುವಾಗಲೇ. ನಮಗೆ ಪ್ರವಾಹ ಅನ್ನಲೂ ಬರಲಿಲ್ಲ, ಬರ ಅನ್ನಲೂ ಬರಲಿಲ್ಲ. ಅಳತೆಗೆ ಬಂದವರು, ಗೋಡೆಗೆ ನಂಬರ್ ಬರೆದವರು, ಚೆಕ್ ಬಂತೋ ಇಲ್ಲವೋ ಅಂತ ಕಚೇರಿ ಸುತ್ತಿದ್ದು, ತಲೆಬಾಗಿಲು ಕಿತ್ತುಕೊಂಡು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ನವನಗರದ ಸೆಕ್ಟರಿಗೆ ಬಂದದ್ದು ಎಲ್ಲವೂ ಈ ಹತ್ತು ವರ್ಷದ ಆಚೀಚೆ. ಆಲಮಟ್ಟಿ ಅಣೆಕಟ್ಟನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟಿನಲ್ಲಿ. ಹೊಸ ಮನೆಗೆ ಬಂದವರು ಮೊದಲು ಕೊಂಡದ್ದು ಬಹಳ ಸಲ ಟಿ.ವಿ. ಮತ್ತು ವಿಸಿಡಿ ಪ್ಲೇಯರ್. ನನ್ನ ಅಂಗಡಿ ಹುಟ್ಟಿದ್ದೇ ಆ ಪರಿಹಾರದ ದುಡ್ಡಿನಿಂದ, ಗಿರಾಕಿಗಳದೂ ನನ್ನದೂ.

ಅದಕ್ಕೇ ಹೇಳುತ್ತೇನೆ, ಹಳೇ ಊರಿನ ಓಣಿ ನೋಡಿದ ಅಪ್ಪನ ಪಕ್ಕ ಕೂತು 'ದ್ವೀಪ' ನೋಡಿ. ಸಿನಿಮಾ ಮುಗಿದ ಮೇಲೆ ಟಿ.ವಿ. ಆರಿಸಿ, ಅವರು ಮಾತಾಡಲಿ.

ನಮ್ಮ ಭಾಷಾ ಇರೋ ಸಿನಿಮಾ ಹೇಳ್ರಿ. ಬರೇ ಕಾಮಿಡಿಗೆ ನಮ್ಮ ಮಾತು ಬಳಸೋದ ನೋಡಿ ಬ್ಯಾಸರ ಬಂದೈತಿ.

ನನಗೂ ಬಂದಿದೆ. ಆ ಕಾಲದ ದೊಡ್ಡ ಹಿಟ್‌ಗಳಲ್ಲಿ ನಾಯಕ ಬೆಂಗಳೂರು, ಮೈಸೂರಿನ ಮಾತಾಡುತ್ತಾನೆ. ನಮ್ಮ ಮಾತು ಆಡುವವನು ಅಡುಗೆ ಮಾಡುತ್ತಾನೆ, ಇಲ್ಲವೆ ಒದೆ ತಿನ್ನುತ್ತಾನೆ. ಎರಡು ಹೆಸರು ಬರೆದುಕೊಳ್ಳಿ.

'ಸಿಂಗಾರೆವ್ವ' (2003). ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರ 'ಸಿಂಗಾರೆವ್ವ ಮತ್ತು ಅರಮನೆ' ಕಾದಂಬರಿ ಆಧರಿಸಿ ಟಿ.ಎಸ್. ನಾಗಾಭರಣ ಮಾಡಿದ್ದು. ಪ್ರೇಮಾ ಮುಖ್ಯ ಪಾತ್ರದಲ್ಲಿದ್ದಾರೆ. ದೇಸಾಯಿಯ ವಾಡೆ, ಅದರೊಳಗೆ ಕೊಳೆಯುವ ದರ್ಪ, ಅದರ ಆಸೆಗೆ ಮಗಳನ್ನು ಕೊಡುವ ಅಪ್ಪ. ಕಾದಂಬರಿ ಓದಿದವರಿಗೆ ಸಿನಿಮಾ ಸ್ವಲ್ಪ ಸಪ್ಪೆ ಅನಿಸೀತು, ಓದದವರು ಸಿನಿಮಾ ನೋಡಿ ಆಮೇಲೆ ಓದಲಿ. ಮಕ್ಕಳ ಜತೆ ನೋಡುವಂಥದ್ದಲ್ಲ.

'ಕನಸೆಂಬ ಕುದುರೆಯನೇರಿ' (2010). ಅಮರೇಶ ನುಗಡೋಣಿಯವರ ಕತೆ, ಕಾಸರವಳ್ಳಿ ನಿರ್ದೇಶನ. ಗೋರಿ ತೋಡುವ ಈರ್ಯಾನಾಗಿ ವೈಜನಾಥ ಬಿರಾದಾರ, ಹೆಂಡತಿ ರುದ್ರಿಯಾಗಿ ಉಮಾಶ್ರೀ. ಈರ್ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಒಂದು ಸಾವು ಖಚಿತ. ಒಂದು ಸಲ ಕನಸು ಬೀಳುತ್ತದೆ, ಗೌಡರ ಮನೆಯವರು ಯಾರೂ ಸತ್ತಿಲ್ಲ ಅನ್ನುತ್ತಾರೆ. ಅಷ್ಟೇ ಕತೆ, ಆದರೆ ಎರಡು ಸಲ ಹೇಳುತ್ತಾರೆ, ಬೇರೆ ಬೇರೆ ಕಡೆಯಿಂದ. ಸಣ್ಣ ಸಣ್ಣ ಕಾಮಿಡಿ ಪಾತ್ರದಲ್ಲಿ ಬಿರಾದಾರರನ್ನು ನೋಡಿ ನಕ್ಕವರು ಇದನ್ನು ನೋಡಲೇಬೇಕು. ಉಮಾಶ್ರೀ ಅವರಂತೂ ಆಮೇಲೆ 2013ರಲ್ಲಿ ನಮ್ಮ ಜಿಲ್ಲೆಯ ತೇರದಾಳದಿಂದಲೇ ಶಾಸಕಿಯಾದರು.

ನಾವು ಬೆಳಗಾವಿಯವ್ರು, ಮನ್ಯಾಗ ಮರಾಠಿನೂ ನಡೀತೈತಿ. ಅದರಾಗ ಏನರ ಐತೇನು?

'ಜೋಗವಾ' (2009). ಬೆಳಗಾವಿಯಲ್ಲಿ ಇದಕ್ಕೆ ಭಾಷೆ ಅಡ್ಡಿಯೇ ಅಲ್ಲ. ಯಲ್ಲಮ್ಮನ ಹೆಸರಿನಲ್ಲಿ ಬಿಟ್ಟ ಒಬ್ಬ ಹೆಣ್ಣು, ಸೀರೆ ಉಡಿಸಿ ಜೋಗತಿ ಮಾಡಿದ ಒಬ್ಬ ಗಂಡು, ಅವರಿಬ್ಬರ ನಡುವಿನ ಪ್ರೀತಿ. ರಾಜನ್ ಗವಸ್ ಅವರ ಕಾದಂಬರಿಗಳಿಂದ ಬಂದ ಕತೆ, ರಾಜೀವ ಪಾಟೀಲ ನಿರ್ದೇಶನ, ಅಜಯ್-ಅತುಲ್ ಸಂಗೀತ. ಹರಿಹರನ್, ಶ್ರೇಯಾ ಘೋಷಾಲ್ ಇಬ್ಬರಿಗೂ ಈ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದಿದೆ. ಸವದತ್ತಿ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಹೋಗಿ ಬಂದವರಿಗೆ ಚೌಡಿಕೆ ಸದ್ದು ಕೇಳಿದ ಕೂಡಲೇ ಎಲ್ಲ ಅರ್ಥವಾಗುತ್ತದೆ.

ಮುಂಗಾರು ಮಳೆ ಈಗ ನೋಡಿದ್ರ ಮೊದ್ಲಿನಂಗ ಅನಸ್ತೈತೇನ್ರಿ?

ಈ ಪ್ರಶ್ನೆ ಕೇಳದ ಗಿರಾಕಿ ಇಲ್ಲ. ಅರ್ಧ ಅನಿಸುತ್ತದೆ.

2006ರ ಡಿಸೆಂಬರ್ 29ಕ್ಕೆ ಬಂದಾಗ ಗಣೇಶ್ ಟಿ.ವಿ.ಯ ಹುಡುಗ, ಯೋಗರಾಜ್ ಭಟ್ಟರ ಹೆಸರು ಹೆಚ್ಚು ಮಂದಿಗೆ ಗೊತ್ತಿಲ್ಲ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಅದು ವರ್ಷ ದಾಟಿ ಓಡಿತು. ನಮ್ಮ ಕಡೆ ಮಾತ್ರ ಅದು ಮೊದಲು ಹಾಡಾಗಿ ಬಂತು. ಟಂಟಂಗಳಲ್ಲಿ, ಚಾದ ಅಂಗಡಿಗಳಲ್ಲಿ ಸೋನು ನಿಗಮ್ ದನಿ. ಜಯಂತ ಕಾಯ್ಕಿಣಿ ಬರೆದ ಸಾಲು, ಮನೋಮೂರ್ತಿ ಹಾಕಿದ ರಾಗ. ಕನ್ನಡ ಗೊತ್ತಿಲ್ಲದ ಉತ್ತರದ ಗಾಯಕನ ಬಾಯಲ್ಲಿ ಕನ್ನಡ ಅಷ್ಟು ಮೆತ್ತಗೆ ಕೇಳಿಸಿದ್ದಕ್ಕೆ ಮುಂದೆ ಹತ್ತಾರು ಸಿನಿಮಾದವರು ಅವರನ್ನೇ ಹಾಡಿಸಿದರು. ಇವತ್ತು ನೋಡಿದರೂ ಆ ಭಾಗಕ್ಕೆ ಮುಪ್ಪು ಬಂದಿಲ್ಲ. ಎಸ್. ಕೃಷ್ಣ ಕ್ಯಾಮೆರಾದಲ್ಲಿ ಹಿಡಿದ ಮಳೆಗೂ ಬಂದಿಲ್ಲ. ಜೂನ್ ಮುಗಿದರೂ ಮೋಡ ನೋಡುತ್ತ ಕೂಡುವ ಎರಿ ಭೂಮಿಯ ನಮಗೆ ಸಕಲೇಶಪುರದ ಕಡೆಯ ಆ ಹಸಿರು, ಜೋಗದ ತುದಿಯ ಆ ನೀರು ಸಿನಿಮಾಕ್ಕಿಂತ ದೊಡ್ಡದಾಗಿ ಕಂಡಿತ್ತು. ಆ ವರ್ಷದಿಂದ ಕಾಲೇಜು ಟ್ರಿಪ್ ಅಂದರೆ ಜೋಗ ಅಂತಲೇ ಆಯಿತು.

ಮುಪ್ಪು ಬಂದದ್ದು ಬೇರೆ ಕಡೆ. ಮದುವೆ ಗೊತ್ತಾದ ಹುಡುಗಿಯ ಬೆನ್ನು ಬಿದ್ದು ಮಾತಿನಲ್ಲೇ ಮರುಳು ಮಾಡುವ ನಾಯಕ ಆಗ ಚೂಟಿಯಾಗಿ ಕಂಡಿದ್ದ. ಈಗ ನಡುವೆ ಒಮ್ಮೊಮ್ಮೆ 'ಸಾಕು ಬಿಡಪ್ಪ' ಅನಿಸುತ್ತದೆ. ಆದರೆ ಕೊನೆಗೆ ಅವನೇ ಬಿಟ್ಟು ಕೊಡುತ್ತಾನಲ್ಲ, ಅಲ್ಲಿ ಸಿನಿಮಾ ಮತ್ತೆ ಎದ್ದು ನಿಲ್ಲುತ್ತದೆ. ಮೊಲ ದೇವದಾಸನ ವಿಷಯ ನಾನು ತೆಗೆಯುವುದಿಲ್ಲ.

ಇದರ ಬೆನ್ನಿಗೆ 'ಗಾಳಿಪಟ' (2008), 'ಮನಸಾರೆ' (2009) ಕೇಳುತ್ತಾರೆ. ಗೆಳೆಯರ ಜತೆ ಇದ್ದರೆ ಮೊದಲನೆಯದು. ಹೆಂಡತಿ ಜತೆ ಇದ್ದರೆ ಎರಡನೆಯದು, ಹುಚ್ಚಾಸ್ಪತ್ರೆಯಲ್ಲಿ ಹುಟ್ಟುವ ಪ್ರೀತಿ ಅದು, ಭಟ್ಟರ ಮಾತು ಸ್ವಲ್ಪ ಕಡಿಮೆ.

ಹಾಸ್ಟೆಲ್ ಗೆಳೆಯರು ಕೂಡಾಕತ್ತೀವಿ. ಖಡಕ್ ಇರೋ ಸಿನಿಮಾ ಬೇಕು.

'ದುನಿಯಾ' (2007). ಸೂರಿ ಅವರ ಮೊದಲ ನಿರ್ದೇಶನ, ವಿಜಯ್ ನಾಯಕ. ಕಲ್ಲು ಒಡೆಯುವ ಶಿವಲಿಂಗು ತಾಯಿಯನ್ನು ಕಳೆದುಕೊಂಡು ಬೆಂಗಳೂರಿಗೆ ಬರುತ್ತಾನೆ, ಊರು ಅವನನ್ನು ತಿನ್ನುತ್ತದೆ. ಎರಡು ತಿಂಗಳ ಹಿಂದಷ್ಟೇ 'ಮುಂಗಾರು ಮಳೆ' ನೋಡಿ ಮೆತ್ತಗಾಗಿದ್ದ ಜನಕ್ಕೆ ಇದು ಕಪಾಳಕ್ಕೆ ಹೊಡೆದಂತೆ ಬಂತು. ಲೂಸ್ ಮಾದ ಅನ್ನುವ ಪಾತ್ರದ ಹೆಸರು ಯೋಗೇಶ್‌ಗೆ ಕಾಯಂ ಅಂಟಿಕೊಂಡಿತು, 'ದುನಿಯಾ' ವಿಜಯ್‌ಗೆ. ಮೈ ತುಂಬ ಧೂಳು, ಕೈ ತುಂಬ ಗುಳ್ಳೆ ಇರುವ ನಾಯಕನನ್ನು ನೋಡಿ ಇಳಕಲ್ಲಿನ ಗ್ರಾನೈಟ್ ಕ್ವಾರಿಯ ಹುಡುಗರು ತಮ್ಮವನೇ ಅಂದುಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ.

ಮಾತು ಕಡಿಮೆ, ಬಿಗಿ ಜಾಸ್ತಿ ಬೇಕಿದ್ದರೆ 'ಆ ದಿನಗಳು' (2007). ಅಗ್ನಿ ಶ್ರೀಧರ್ ಅವರ ಅನುಭವದ ಕತೆ, ಕೆ.ಎಂ. ಚೈತನ್ಯ ನಿರ್ದೇಶನ, ಇಳಯರಾಜ ಸಂಗೀತ. ಶ್ರೀಧರ್ ಪಾತ್ರ ಮಾಡಿದ ಅತುಲ್ ಕುಲಕರ್ಣಿ ಹುಟ್ಟಿದ್ದು ಬೆಳಗಾವಿಯಲ್ಲಿ. ಇದನ್ನು ಹೇಳಿದರೆ ಬೆಳಗಾವಿಯ ಗಿರಾಕಿ ಸಿಡಿ ಒಯ್ಯದೆ ಹೋಗುತ್ತಿರಲಿಲ್ಲ.

ಬರೇ ನಗಬೇಕ್ರಿ, ಮತ್ತೇನ ಬ್ಯಾಡ.

ಗುರುಪ್ರಸಾದ್-ಜಗ್ಗೇಶ್ ಜೋಡಿಯ 'ಮಠ' (2006), 'ಎದ್ದೇಳು ಮಂಜುನಾಥ' (2009). ಎರಡರಲ್ಲಿ ಒಂದೇ ಅಂದರೆ ಎರಡನೆಯದು. ಮೈಗಳ್ಳ ಮಂಜನೂ ತಬಲಾ ನಾಣಿ ಮಾಡಿದ ಕುರುಡನ ಪಾತ್ರವೂ ಕೂತು ಹರಟುವುದೇ ಸಿನಿಮಾ. ಮಾತಿನ ಚೂಪು ಇವತ್ತಿಗೂ ಮೊಂಡಾಗಿಲ್ಲ. 'ಮಠ'ವನ್ನು ಅಜ್ಜಾರ ಭಕ್ತರ ಮನೆಯಲ್ಲಿ ಹಚ್ಚುವ ಮೊದಲು ಒಂದು ಸಲ ಯೋಚಿಸಿ. ನಮ್ಮಲ್ಲಿ ಊರಿಗೊಂದು ಮಠ ಇದೆ. ಹಾಗೆ ನೋಡಿದರೆ ಹೆಚ್ಚು ನಗುವವರೂ ಮಠದ ಹುಡುಗರೇ.

ಪುನೀತ್ ಸಿನಿಮಾ ಯಾವುದರಿಂದ ಚಾಲೂ ಮಾಡೂಣು?

'ಅಪ್ಪು' (2002), ಪುರಿ ಜಗನ್ನಾಥ್ ನಿರ್ದೇಶನ, ನಾಯಕನಾಗಿ ಮೊದಲ ಸಿನಿಮಾ. ಕುಣಿತ ನೋಡಲು ಅದು. ನಟನೆ ನೋಡಲು 'ಮಿಲನ' (2007), ಬೇರೆಯವನನ್ನು ಪ್ರೀತಿಸುವ ಹೆಂಡತಿಗೆ ವಿಚ್ಛೇದನ ಕೊಡಿಸಲು ತಾನೇ ಮುಂದಾಗುವ ರೇಡಿಯೋ ಜಾಕಿ. ದಶಕದ ಕೊನೆಗೆ ಸೂರಿಯ 'ಜಾಕಿ' (2010). ಪುನೀತ್ ತೀರಿಕೊಂಡ 2021ರ ಅಕ್ಟೋಬರ್ 29ರ ನಂತರ ಈ ಮೂರನ್ನೂ ಬರೀ ಮನರಂಜನೆ ಅಂತ ನೋಡಲು ಆಗುತ್ತಿಲ್ಲ, ನಿಜ. ಆದರೂ 2025ರ ಮಾರ್ಚಿನಲ್ಲಿ 'ಅಪ್ಪು' ಮತ್ತೆ ತೆರೆಗೆ ಬಂದಾಗ ಅವನು ಸತ್ತಾಗ ಶಾಲೆಯಲ್ಲಿದ್ದ ಹುಡುಗರು ಪರದೆ ಮುಂದೆ ಕುಣಿದರು.

ಆಗ ಅಷ್ಟೊಂದು ರಿಮೇಕ್ ಯಾಕ್ ಇದ್ವು?

ಡಬ್ಬಿಂಗ್ ಇರಲಿಲ್ಲ. ಕಾನೂನಿನಲ್ಲಿ ನಿಷೇಧ ಇಲ್ಲದಿದ್ದರೂ ಚಿತ್ರೋದ್ಯಮ 1960ರ ದಶಕದಿಂದ ಅದನ್ನು ಬಿಟ್ಟುಕೊಂಡಿರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ತಪ್ಪು ಅಂದ ಮೇಲೆ ದಾರಿ ಬಿಚ್ಚಿತು. ಅಲ್ಲಿಯವರೆಗೆ ತಮಿಳಿನ ಒಳ್ಳೆಯ ಕತೆ ಕನ್ನಡದಲ್ಲಿ ಕೇಳಬೇಕೆಂದರೆ ಮತ್ತೆ ಶೂಟಿಂಗ್ ಮಾಡುವುದೊಂದೇ ಉಪಾಯ. 'ಆಪ್ತಮಿತ್ರ'ದ ಮೂಲ 1993ರ ಮಲಯಾಳಂ ಚಿತ್ರ. ಸುದೀಪ್ ತಾವೇ ನಿರ್ದೇಶಿಸಿದ 'ಮೈ ಆಟೋಗ್ರಾಫ್' (2006) ಚೇರನ್ ಅವರ ತಮಿಳು ಚಿತ್ರದ್ದು. ಹಳೆಯ ಪ್ರೀತಿಗಳನ್ನು ಹುಡುಕಿ ಲಗ್ನಪತ್ರಿಕೆ ಕೊಡಲು ಹೋಗುವವನ ಕತೆ, ಈ ಪಟ್ಟಿಯಲ್ಲಿ ಇರಲೇಬೇಕಾದದ್ದು.

ವಿಜಯಪುರದ ಹುಡುಗರ ಜತೆ ಇನ್ನೊಂದು ಜಗಳ ಇತ್ತು. ಸುದೀಪ್ 'ಹುಚ್ಚ' (2001) ದೊಡ್ಡದೋ, ಸಲ್ಮಾನ್ 'ತೇರೆ ನಾಮ್' (2003) ದೊಡ್ಡದೋ? ಎರಡೂ ಒಂದೇ ತಮಿಳು 'ಸೇತು'ವಿನ ಮಕ್ಕಳು. ಕಟಿಂಗ್ ಅಂಗಡಿಯಲ್ಲಿ ಗೆದ್ದದ್ದು ಸಲ್ಮಾನ್, ನಡು ಬೈತಲೆ ತೆಗೆದು ಕಣ್ಣ ಮೇಲೆ ಕೂದಲು ಬಿಟ್ಟವರು ಓಣಿಗೆ ನಾಲ್ಕು ಜನ. ಸಿನಿಮಾ ಅಂತ ನೋಡಿದರೆ ನನ್ನ ಮತ ಸುದೀಪ್‌ಗೆ.

ಮತ್ತ ನೋಡಬಾರ್ದು ಅನ್ನೋವು ಯಾವ್ಯಾವು?

ಒಂದೇ ಹೆಸರು ಹೇಳುತ್ತೇನೆ, ಬಯ್ಯಬೇಡಿ. 'ಚೆಲುವಿನ ಚಿತ್ತಾರ' (2007). ಹಾಡು ಕೇಳಿ, ಎಷ್ಟು ಸಲ ಬೇಕಾದರೂ ಕೇಳಿ. ಆದರೆ ನಾಯಕಿ ಶಾಲೆಗೆ ಹೋಗುವ ಹುಡುಗಿ. ಆಗ ನೋಡಿದಾಗ ಅದು ಪ್ರೀತಿ ಅನಿಸಿತ್ತು. ಈಗ ಮನೆಯಲ್ಲಿ ಆ ವಯಸ್ಸಿನ ಮಗಳಿದ್ದರೆ ಸೋಫಾ ಮೇಲೆ ಸುಮ್ಮನೆ ಕೂಡಲು ಆಗುವುದಿಲ್ಲ.

ಹಳೇ ವಿಸಿಡಿ ಮನ್ಯಾಗ ಅದಾವ. ದೊಡ್ಡ ಟಿ.ವಿ.ಗೆ ಹಚ್ಚಿದ್ರ ಮಸಕ ಕಾಣ್ತಾವಲ್ರಿ?

ಕಾಣಲೇಬೇಕು. ವಿಸಿಡಿಯ ಚಿತ್ರ 352 ಅಡ್ಡ, 288 ಉದ್ದದ ಚುಕ್ಕೆಗಳದ್ದು. ಆಗಿನ ಡಬ್ಬಾ ಟಿ.ವಿ.ಗೆ ಅದು ಸಾಕಾಗಿತ್ತು, 43 ಇಂಚಿನ ಎಲ್‌ಇಡಿಗೆ ಎಳೆದರೆ ಮುಖವೆಲ್ಲ ಚೌಕ ಚೌಕ. ಒಂದು ಡಿಸ್ಕಿನಲ್ಲಿ 74ರಿಂದ 80 ನಿಮಿಷ ಹಿಡಿಯುತ್ತಿತ್ತು, ಅದಕ್ಕೇ ಸಿನಿಮಾ ಎರಡು ಮೂರು ಡಿಸ್ಕ್ ಆಗುತ್ತಿದ್ದದ್ದು. ಎರಡನೇ ಡಿಸ್ಕ್ ಗೀರು ಬಿದ್ದು ನಿಂತರೆ ಮುಂದಿನ ಕತೆಯನ್ನು ಮೊದಲೇ ನೋಡಿದವನು ಬಾಯಲ್ಲಿ ಹೇಳಿ ಮುಗಿಸುತ್ತಿದ್ದ. ಎಷ್ಟೋ ಸಲ ಅದೇ ಚೆನ್ನಾಗಿರುತ್ತಿತ್ತು.

ಈಗ ನೋಡಲು ಮೊದಲು ಯೂಟ್ಯೂಬಿನಲ್ಲಿ ಹುಡುಕಿ. ಆಡಿಯೋ, ವಿಡಿಯೋ ಕಂಪನಿಗಳೇ ಬಹಳಷ್ಟು ಸಿನಿಮಾ ಪೂರ್ತಿ ಹಾಕಿವೆ. ಯಾವುದೋ ಬೇನಾಮಿ ಚಾನಲ್ಲಿನಲ್ಲಿ ನೋಡಿದರೆ ಹಾಡು ಕತ್ತರಿಸಿರುತ್ತಾರೆ, ಇಲ್ಲವೆ ಚಿತ್ರವನ್ನು ತಿರುಗಿಸಿ ಎಡಗೈ ಬಲಗೈ ಅದಲುಬದಲು ಮಾಡಿರುತ್ತಾರೆ. ಉದಯ ಟಿ.ವಿ.ಯಲ್ಲಿ ನೋಡಿದ ನೆನಪಿದ್ದರೆ ಸನ್ ನೆಕ್ಸ್ಟ್ ಆಪ್‌ನಲ್ಲಿ ಹುಡುಕಿ, ಜೀ ಕನ್ನಡದಲ್ಲಿ ನೋಡಿದ್ದರೆ ಜೀ5ರಲ್ಲಿ. ಹಕ್ಕು ಕೈ ಬದಲಾಗುತ್ತಿರುತ್ತದೆ, ಈ ತಿಂಗಳು ಇದ್ದದ್ದು ಮುಂದಿನ ತಿಂಗಳು ಇರಲಿಕ್ಕಿಲ್ಲ.

ಪೆನ್‌ಡ್ರೈವ್ ತಂದ್ರ ಹಾಕಿ ಕೊಡ್ತೀರೇನು?

ಇಲ್ಲ. ಹೆಸರು ಬೇಕಾದರೆ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಮಧ್ಯಾಹ್ನ 2ರಿಂದ 4 ಅಂಗಡಿ ಬಂದ್ ಇರುತ್ತದೆ.